ಎರಡು ಮದ್ಹಬ್‌ಗಳ ನಡುವೆ ಒಂದು ಮನೆ

2024ರ ಏಪ್ರಿಲ್ 9ರ ಸಂಜೆ ಕೇರಳದ ಕಡಲತೀರದಲ್ಲಿ ಚಂದ್ರದರ್ಶನವಾದ ಸುದ್ದಿ ಬಂದ ಕೂಡಲೇ ಬಂಟ್ವಾಳದ ಹತ್ತಿರದ ನನ್ನ ಅತ್ತೆಮನೆಯಲ್ಲಿ ಮರುದಿನವೇ ಈದ್ ಎಂದು ನಿಶ್ಚಯವಾಯಿತು. ಮೈಸೂರಿನ ಮಂಡಿ ಮೊಹಲ್ಲಾದ ನನ್ನ ತವರಿನಲ್ಲಿ ಚಂದ್ರ ಕಂಡಿರಲಿಲ್ಲ, ಅಲ್ಲಿ ಇನ್ನೊಂದು ಉಪವಾಸ ಬಾಕಿ ಇತ್ತು. ನಾನೂ ನನ್ನ ಪತಿಯೂ ಇರುವುದು ಬೆಂಗಳೂರಿನಲ್ಲಿ. ಆ ರಾತ್ರಿ ಅವರ ಫೋನಿಗೆ ಕರಾವಳಿಯಿಂದ ಒಂದಾದ ಮೇಲೊಂದು ಈದ್ ಮುಬಾರಕ್ ಬರುತ್ತಿತ್ತು, ನನ್ನ ಫೋನಿಗೆ ನಸುಕಿನ ಸಹರಿ ಊಟಕ್ಕೆ ಏಳುವುದನ್ನು ಮರೆಯಬೇಡ ಎಂದು ಅಮ್ಮಿಯ ಕರೆ ಬಂದಿತ್ತು. ಇರುವ ಊರಿನ ಜನರೊಂದಿಗೆ ಉಪವಾಸ, ಇರುವ ಊರಿನ ಜನರೊಂದಿಗೆ ಹಬ್ಬ ಎಂಬುದನ್ನು ನಾವು ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದಿದ್ದೇವೆ. ಹಾಗಾಗಿ ನಮಗೆ ಗೊಂದಲವೇನೂ ಆಗಲಿಲ್ಲ. ಕರಾವಳಿಯವರು 29 ಉಪವಾಸಕ್ಕೆ ರಂಝಾನ್ ಮುಗಿಸಿದರು, ನಾವು 30ಕ್ಕೆ ಮುಗಿಸಿದೆವು.

ಗೊಂದಲವಾದದ್ದು ನನ್ನ ಕಚೇರಿಯವರಿಗೆ. ನನ್ನ ಬಗ್ಗೆ ಪ್ರೀತಿಯಿರುವ ಹಿರಿಯ ಸಹೋದ್ಯೋಗಿಯೊಬ್ಬರು, "ನಿಮ್ಮಲ್ಲಿ ಹಬ್ಬ ಯಾವ ದಿನ ಎನ್ನುವುದೂ ಎಲ್ಲರಿಗೂ ಒಂದೇ ಅಲ್ಲವೇನಮ್ಮ? ಹಾಗಾದರೆ ಯಾವುದು ಸರಿ?" ಎಂದು ಕೇಳಿದರು. ಎರಡೂ ಸರಿ ಎಂದು ನಾನು ಹೇಳಿದ್ದು ಅವರಿಗೆ ನುಣುಚಿಕೊಳ್ಳುವ ಉತ್ತರದಂತೆ ಕೇಳಿಸಿರಬೇಕು. "ನಿಮ್ಮಲ್ಲಿ ಹೇಗೆ?" ಎಂಬ ಪ್ರಶ್ನೆಯನ್ನು ಚಿಕ್ಕಂದಿನಿಂದಲೂ ಕೇಳಿಸಿಕೊಂಡು ಬಂದವಳು ನಾನು. ಆದರೆ ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದು ನನಗೆ ಅನುಭವವಾಗಿ ಗೊತ್ತಾದದ್ದು ಮತ್ತೊಂದು ಮುಸ್ಲಿಂ ಮನೆಗೆ ಸೊಸೆಯಾಗಿ ಹೋದ ಮೇಲೆ. ನಾನು ಮನೆಯಲ್ಲಿ ದಖನಿ ಉರ್ದು ಮಾತನಾಡುವ ಹನಫಿ ಕುಟುಂಬದವಳು, ನನ್ನ ಪತಿಯದು ಬ್ಯಾರಿ ಭಾಷೆಯ ಶಾಫಿ ಕುಟುಂಬ. ಹನಫಿ, ಶಾಫಿ ಎಂಬುವು ಸುನ್ನಿ ಮುಸ್ಲಿಮರ ಎರಡು ಮದ್ಹಬ್‌ಗಳು, ಅಂದರೆ ಧರ್ಮಶಾಸ್ತ್ರದ ಪದ್ಧತಿಗಳು. ಎರಡೂ ಮನೆಗಳಿಗೆ ಸಮಾನವಾಗಿ ಬರುತ್ತಿದ್ದ ಭಾಷೆ ಕನ್ನಡ ಒಂದೇ. ಬೀಗರು ಪರಸ್ಪರ ಉಪಚಾರ ಮಾಡಿದ್ದು, ಮುನಿಸಿಕೊಂಡದ್ದು, ರಾಜಿಯಾದದ್ದು ಎಲ್ಲವೂ ಕನ್ನಡದಲ್ಲೇ.

ಕಡಲ ದಾರಿ, ನೆಲದ ದಾರಿ

ಒಂದೇ ರಾಜ್ಯದೊಳಗೆ ಈ ಎರಡು ಬಗೆ ಹೇಗೆ ಬಂದವು ಎಂಬುದಕ್ಕೆ ಉತ್ತರ ಭೂಪಟದಲ್ಲೇ ಇದೆ. ಕರಾವಳಿಗೆ ಇಸ್ಲಾಂ ಬಂದದ್ದು ಅರಬ್ ವರ್ತಕರ ಹಡಗುಗಳಲ್ಲಿ. ಯೆಮನ್ ಕಡೆಯ ಆ ವರ್ತಕರು, ವಿದ್ವಾಂಸರು ಶಾಫಿ ಪದ್ಧತಿಯವರಾಗಿದ್ದುದರಿಂದ ಬ್ಯಾರಿಗಳೂ ಭಟ್ಕಳದ ನವಾಯತರೂ ಕೇರಳದ ಮಾಪಿಳ್ಳೆಗಳೂ ಆ ಪದ್ಧತಿಯನ್ನೇ ಹಿಡಿದರು. 1340ರ ದಶಕದಲ್ಲಿ ಈ ತೀರದಲ್ಲಿ ಸಂಚರಿಸಿದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ, ಹೊನ್ನಾವರದ ಜನ ಶಾಫಿಗಳೆಂದೂ ಅಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದೂ ಬರೆದಿದ್ದಾನೆ. ಮಂಗಳೂರಿನಲ್ಲಿ ಆಗಲೇ ನಾಲ್ಕು ಸಾವಿರದಷ್ಟು ಮುಸ್ಲಿಮರು ಇದ್ದರೆಂಬುದೂ ಅವನ ಬರಹದಲ್ಲಿದೆ. ಬಯಲುಸೀಮೆಗೆ ಮತ್ತು ಮೈಸೂರು ಸೀಮೆಗೆ ಬಂದದ್ದು ನೆಲದ ದಾರಿ. ದೆಹಲಿಯ ಸುಲ್ತಾನರ, ಆಮೇಲೆ 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಕಾಲದಲ್ಲಿ ಉತ್ತರದಿಂದ ದಖ್ಖನಿಗೆ ಬಂದವರಲ್ಲಿ ಹೆಚ್ಚಿನವರು ಹನಫಿಗಳು. ಘಟ್ಟದ ಮೇಲೊಂದು, ಕೆಳಗೊಂದು ಎಂಬ ಈ ವಿಂಗಡಣೆ ಇವತ್ತಿಗೂ ಬಹುಮಟ್ಟಿಗೆ ಹಾಗೆಯೇ ಇದೆ.

ಎರಡು ಪದ್ಧತಿಗಳ ಮೂಲಪುರುಷರ ಸಂಬಂಧವಂತೂ ನನಗೆ ಬಹಳ ಪ್ರಿಯವಾದ ವಿಷಯ. ಇಮಾಮ್ ಅಬೂ ಹನೀಫಾ ಬಗ್ದಾದಿನಲ್ಲಿ ತೀರಿಕೊಂಡದ್ದು ಕ್ರಿ.ಶ. 767ರಲ್ಲಿ. ಇಮಾಮ್ ಶಾಫಿ ಗಾಜಾದಲ್ಲಿ ಹುಟ್ಟಿದ್ದೂ ಅದೇ ವರ್ಷ. ಶಾಫಿಯವರು ಮುಂದೆ ಅಬೂ ಹನೀಫಾ ಅವರ ಶಿಷ್ಯರಾದ ಇಮಾಮ್ ಮುಹಮ್ಮದ್ ಅಲ್-ಶೈಬಾನಿ ಅವರ ಬಳಿ ಕುಳಿತು ಕಲಿತರು. ಶಾಫಿ ಪದ್ಧತಿಯಲ್ಲಿ ಮುಂಜಾನೆಯ ನಮಾಝಿನಲ್ಲಿ ಖುನೂತ್ ಎಂಬ ಪ್ರಾರ್ಥನೆ ಇದೆ, ಹನಫಿಯಲ್ಲಿ ಇಲ್ಲ. ಬಗ್ದಾದಿನಲ್ಲಿ ಅಬೂ ಹನೀಫಾ ಅವರ ಸಮಾಧಿಯ ಬಳಿ ಮುಂಜಾನೆಯ ನಮಾಝ್ ಮಾಡಿದಾಗ ಇಮಾಮ್ ಶಾಫಿಯವರು ತಮ್ಮದೇ ನಿಯಮವನ್ನು ಬದಿಗಿಟ್ಟು ಖುನೂತ್ ಬಿಟ್ಟರಂತೆ. ಅಲ್ಲಿ ಮಲಗಿರುವ ಹಿರಿಯರ ಮೇಲಿನ ಗೌರವಕ್ಕಾಗಿ ಹಾಗೆ ಮಾಡಿದೆ ಎಂದರಂತೆ. ಈ ಕಥೆಯನ್ನು ಮದರಸಾದ ಮಕ್ಕಳಿಗೂ ಹೇಳಿಕೊಡುತ್ತಾರೆ. ಮಕ್ಕಳು ದೊಡ್ಡವರಾಗಿ ಬೀಗರಾದಾಗ ಅದು ಯಾಕೆ ನೆನಪಾಗುವುದಿಲ್ಲ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಒದ್ದೆ ಕೈ

ಮದುವೆಯಾದ ಹೊಸತು. ಅತ್ತೆಮನೆಯ ಹಿಂದಿನ ಅಂಗಳದಲ್ಲಿ ಬಾವಿಕಟ್ಟೆಯ ಬಳಿ ನನ್ನ ಪತಿ ಸಂಜೆಯ ಮಗ್ರಿಬ್ ನಮಾಝಿಗೆ ವುಝೂ ಮಾಡಿ, ಅಂದರೆ ಕೈಕಾಲು ಮುಖ ತೊಳೆದು ಶುದ್ಧಿ ಮಾಡಿಕೊಂಡು ಎದ್ದು ನಿಂತಿದ್ದರು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬೈರಾಸು ಹಿಡಿದು ಹೋಗಿ ಕೊಡಲೆಂದು ಕೈ ಚಾಚಿದೆ. ಅವರು ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಎದೆಗೆ ಹತ್ತಿರ ಮಾಡಿಕೊಂಡು, ಬೈರಾಸನ್ನು ಬಾವಿಕಟ್ಟೆಯ ಮೇಲೆ ಇಡುವಂತೆ ಕಣ್ಣಲ್ಲೇ ಸೂಚಿಸಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ನಾದಿನಿಯೂ ಇದ್ದಳು. ಅವರಿಬ್ಬರ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿ ಬಂತು. ನಮ್ಮ ಮನೆಯಲ್ಲಿ ಅಬ್ಬಾ ವುಝೂ ಮಾಡಿ ಬರುವಾಗ ಅಮ್ಮಿ ಅವರ ಕೈಗೇ ಟೋಪಿ ಕೊಡುವುದನ್ನು, ಕೆಲವೊಮ್ಮೆ ಅಂಗಿಯ ತೋಳನ್ನು ತಾವೇ ಇಳಿಸುವುದನ್ನು ನೋಡಿ ಬೆಳೆದವಳು ನಾನು.

ನಮಾಝ್ ಮುಗಿಸಿ ಬಂದ ಪತಿ ಅಂದು ರಾತ್ರಿ ವಿವರಿಸಿದರು. ಶಾಫಿ ಪದ್ಧತಿಯಲ್ಲಿ ಗಂಡ ಹೆಂಡತಿಯ ಚರ್ಮ ಪರಸ್ಪರ ತಾಕಿದರೆ ಇಬ್ಬರ ವುಝೂ ಕೂಡ ಮುರಿಯುತ್ತದೆ. ತಾಯಿ, ಅಕ್ಕತಂಗಿ, ಮಗಳು ಇವರಿಗೆ ಆ ನಿಯಮವಿಲ್ಲ. ಕುರ್‌ಆನ್‌ನ ಒಂದೇ ವಚನವನ್ನು ಒಬ್ಬ ಇಮಾಮರು ಸ್ಪರ್ಶದ ಬಗ್ಗೆ ಹೇಳಿದ್ದೆಂದು ತಿಳಿದರು, ಇನ್ನೊಬ್ಬರು ದಾಂಪತ್ಯದ ಬಗ್ಗೆ ಹೇಳಿದ್ದೆಂದು ತಿಳಿದರು. ತಾಕಿದರೆ ವುಝೂ ಮುರಿಯುವುದಿಲ್ಲ ಎಂಬ ತಮ್ಮ ನಿಲುವಿಗೆ ಹನಫಿಗಳು ಆಧಾರವಾಗಿ ತೋರಿಸುವ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಒಂದಿದೆ. ಪ್ರವಾದಿಯವರು ಇಕ್ಕಟ್ಟಾದ ಕೋಣೆಯಲ್ಲಿ ರಾತ್ರಿ ನಮಾಝ್ ಮಾಡುತ್ತಿದ್ದಾಗ ಎದುರಿಗೆ ಮಲಗಿರುತ್ತಿದ್ದ ಪತ್ನಿ ಆಯಿಶಾ ಅವರ ಕಾಲನ್ನು ಮೆಲ್ಲನೆ ತಟ್ಟುತ್ತಿದ್ದರು, ಅವರು ಕಾಲು ಮಡಚಿಕೊಂಡ ಮೇಲೆ ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡುತ್ತಿದ್ದರು. ಶಾಫಿ ವಿದ್ವಾಂಸರಿಗೂ ಈ ಹದೀಸ್ ಗೊತ್ತು, ನಡುವೆ ಬಟ್ಟೆಯಿದ್ದಿರಬಹುದು ಎಂಬುದು ಅವರ ವಿವರಣೆ. ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಮಕ್ಕಾದಲ್ಲಿ ಕಅಬಾದ ಸುತ್ತ ತವಾಫ್, ಅಂದರೆ ಪ್ರದಕ್ಷಿಣೆ ಮಾಡುವಾಗ ಆ ಜನಜಂಗುಳಿಯಲ್ಲಿ ಗಂಡಸು ಹೆಂಗಸರ ಕೈ ತಾಕದಂತೆ ನಡೆಯುವುದು ಅಸಾಧ್ಯ. ಅಲ್ಲಿ ಹನಫಿ ಅಭಿಪ್ರಾಯವನ್ನು ಅನುಸರಿಸಬಹುದು ಎಂದು ಶಾಫಿ ವಿದ್ವಾಂಸರು ಅನೇಕರು ಹೇಳಿದ್ದಾರೆ, ಯಾತ್ರಿಕರು ಹಾಗೆಯೇ ಮಾಡುತ್ತಾರೆ. ಅಷ್ಟು ಪವಿತ್ರವಾದ ಜಾಗದಲ್ಲಿ ಒಂದು ಪದ್ಧತಿಯವರು ಇನ್ನೊಂದು ಪದ್ಧತಿಯ ಆಸರೆ ಪಡೆಯಬಹುದಾದರೆ ಬಾವಿಕಟ್ಟೆಯ ಬಳಿ ನಾನು ಅಳಬೇಕಾದ ಕಾರಣವೇ ಇರಲಿಲ್ಲ. ಈಗ ನಮ್ಮ ಮನೆಯಲ್ಲಿ ವುಝೂ ಆದವರು "ವುಝೂ ಇದೆ" ಎಂದು ಹೇಳುತ್ತಾರೆ, ಕೊಡುವ ವಸ್ತುವನ್ನು ಮೇಜಿನ ಮೇಲೆ ಇಡುತ್ತೇವೆ. ಹತ್ತಿರವಿದ್ದೂ ಮುಟ್ಟದೆ ಇರುವ ಆ ಕೆಲವು ನಿಮಿಷಗಳಲ್ಲಿ ಒಂದು ಮರ್ಯಾದೆಯಿದೆ ಎಂದು ನನಗೆ ಈಗ ಅನಿಸುತ್ತದೆ.

ಉಳಿದ ವ್ಯತ್ಯಾಸಗಳು ಇಷ್ಟು ಕಷ್ಟ ಕೊಡಲಿಲ್ಲ. ಇಳಿಹೊತ್ತಿನ ಅಸರ್ ನಮಾಝಿನ ಹೊತ್ತು ಶಾಫಿಗಳಿಗೆ ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಆರಂಭವಾಗುತ್ತದೆ, ಹನಫಿಗಳಿಗೆ ನೆರಳು ಎರಡರಷ್ಟಾದಾಗ. ಎರಡರ ನಡುವೆ ಸುಮಾರು ಒಂದು ಗಂಟೆಯ ಅಂತರ. ಅತ್ತೆಮನೆಯಲ್ಲಿ ಬೇಗ ಮಾಡುತ್ತಾರೆ, ನಾನೂ ಅವರೊಂದಿಗೆ ಬೇಗ ಮಾಡುತ್ತೇನೆ, ಏಕೆಂದರೆ ಅಬೂ ಹನೀಫಾ ಅವರ ಇಬ್ಬರು ಪ್ರಮುಖ ಶಿಷ್ಯರ ಅಭಿಪ್ರಾಯವೂ ಅದೇ ಆಗಿದೆ. ಊಟದ ವಿಷಯದಲ್ಲಿ, ಕಡಲಿನಿಂದ ಬಂದದ್ದರಲ್ಲಿ ಮೀನು ಮಾತ್ರ ಎನ್ನುವ ಹನಫಿ ನಿಯಮದಂತೆ ಅಮ್ಮಿ ಏಡಿಯನ್ನಾಗಲಿ, ಕಡಲ ಚಿಪ್ಪಿನ ಪಚ್ಚಿಲೆಯನ್ನಾಗಲಿ ಮುಟ್ಟುವುದಿಲ್ಲ. ಸಿಗಡಿಯನ್ನು ಮೀನೆಂದು ಎಣಿಸಬೇಕೇ ಬೇಡವೇ ಎಂಬ ಬಗ್ಗೆ ಹನಫಿ ವಿದ್ವಾಂಸರಲ್ಲೇ ಒಮ್ಮತವಿಲ್ಲವಾದ್ದರಿಂದ ಅದನ್ನೂ ದೂರವಿಡುತ್ತಾರೆ. ಅವರು ಮೊದಲ ಸಲ ಬೀಗರ ಮನೆಗೆ ಬಂದಾಗ ಅತ್ತೆ ಬೆಳಿಗ್ಗೆಯಿಂದ ಕುಳಿತು ಪಚ್ಚಿಲೆ ಬಿಡಿಸಿ ಪ್ರೀತಿಯಿಂದ ಸುಕ್ಕ ಮಾಡಿದ್ದರು, ಅಮ್ಮಿ ಕೈಯಿಕ್ಕಲಿಲ್ಲ. ಅತ್ತೆಗೆ ಎಷ್ಟು ನೋವಾಯಿತೆಂದರೆ ಆ ಮಧ್ಯಾಹ್ನ ಅವರು ಸರಿಯಾಗಿ ಉಣ್ಣಲೇ ಇಲ್ಲ. ಕಾರಣ ತಿಳಿದ ಮೇಲೆ ಅಮ್ಮಿ ಬರುವ ದಿನ ಬಂಗುಡೆಯೋ ಅಂಜಲೋ ತರಿಸುವುದು ರೂಢಿಯಾಯಿತು.

ನಿಕಾಹಿನ ದಿನ

ನಮ್ಮ ಕಡೆ ನಿಕಾಹ್ ಎಂದರೆ ವಕೀಲರಾಗಿ, ಅಂದರೆ ಹುಡುಗಿಯ ಪ್ರತಿನಿಧಿಯಾಗಿ ನಿಂತ ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳೊಂದಿಗೆ ಹೆಂಗಸರ ಕಡೆಗೆ ಬಂದು, ಇಂಥವರ ಮಗನೊಂದಿಗೆ ಇಷ್ಟು ಮಹ್ರಿಗೆ ನಿಕಾಹ್ ಒಪ್ಪಿಗೆಯೇ ಎಂದು ಹುಡುಗಿಯನ್ನು ಕೇಳಿ, ಸಹಿ ಪಡೆದು, ಸಭೆಗೆ ಹಿಂದಿರುಗಿ ತಿಳಿಸಬೇಕು. ಮಹ್ರ್ ಎಂದರೆ ಗಂಡು ಹೆಣ್ಣಿಗೆ ಕೊಡಬೇಕಾದ ವಧುಧನ. ಆಮೇಲೆ ಕಾಝಿ ಖುತ್ಬಾ ಎಂಬ ಪ್ರವಚನ ಓದಿ ಹುಡುಗನನ್ನು ಕೇಳುತ್ತಾರೆ. ಕರಾವಳಿಯಲ್ಲಿ ಹುಡುಗಿಯ ತಂದೆಯೇ ಹುಡುಗನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ನನ್ನ ಮಗಳನ್ನು ಇಷ್ಟು ಮಹ್ರಿಗೆ ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ ಎಂದು ತನ್ನ ಬಾಯಿಂದ ಹೇಳಬೇಕು. ಶಾಫಿ ಪದ್ಧತಿಯಲ್ಲಿ ವಲಿಯಿಲ್ಲದೆ, ಅಂದರೆ ತಂದೆಯೋ ಅವರ ಸ್ಥಾನದಲ್ಲಿ ನಿಲ್ಲುವವರೋ ಇಲ್ಲದೆ ನಿಕಾಹ್ ನೆರವೇರುವುದಿಲ್ಲ. ಪ್ರಾಪ್ತವಯಸ್ಕ ಹೆಣ್ಣು ತನ್ನ ನಿಕಾಹನ್ನು ತಾನೇ ಮಾಡಿಕೊಳ್ಳಬಲ್ಲಳು ಎಂಬುದು ಅಬೂ ಹನೀಫಾ ಅವರ ಮತ. ನಮ್ಮ ಮದುವೆಯಲ್ಲಿ ಎರಡೂ ನಡೆಯಲಿ ಎಂದು ಕರಾವಳಿಯಿಂದ ಬಂದ ಧರ್ಮಗುರು ಉಸ್ತಾದರೂ ಮೈಸೂರಿನ ಕಾಝಿಯವರೂ ಒಂದೇ ಮಾತಿನಲ್ಲಿ ಒಪ್ಪಿದರು. ಒಪ್ಪದೆ ಇದ್ದವರು ನನ್ನ ಚಿಕ್ಕಪ್ಪಂದಿರು. ಗಂಡಿನ ಕಡೆಯವರ ರೀತಿ ನಡೆದರೆ ನಮ್ಮ ಮಾನ ಹೋಗುತ್ತದೆ ಎಂದು ಅವರು ಶಾದಿಮಹಲಿನ ಹಿಂದಿನ ಕೋಣೆಯಲ್ಲಿ ಧ್ವನಿ ಏರಿಸಿ ವಾದಿಸಿದ್ದು ನನಗೂ ಕೇಳಿಸಿತ್ತು.

ವಕೀಲರು ಬಂದು ನನ್ನನ್ನು ಕೇಳಿದರು, ನಾನು ಒಪ್ಪಿಗೆ ಹೇಳಿ ಸಹಿ ಹಾಕಿದೆ. ಆಮೇಲೆ ನಡೆದದ್ದನ್ನು ಪರದೆಯ ಸಂದಿನಿಂದ ನೋಡಿದೆ. ಅಬ್ಬಾ ಅಂಗಡಿಯ ಲೆಕ್ಕ ಬರೆದು ಬರೆದು ತೋರುಬೆರಳು ತುಸು ವಾಲಿದ್ದ ಬಲಗೈಯಲ್ಲಿ ನನ್ನ ಪತಿಯಾಗಲಿದ್ದವರ ಕೈಯನ್ನು ಹಿಡಿದಿದ್ದರು. ಉಸ್ತಾದರು ಹೇಳಿಕೊಟ್ಟ ಮಾತು ಅಬ್ಬಾಗೆ ಹಿಡಿತಕ್ಕೆ ಬರಲಿಲ್ಲ. ಉಸ್ತಾದರು ನಸುನಕ್ಕು, "ಕನ್ನಡದಲ್ಲೇ ಹೇಳಿ ಹಾಜಿಯವರೇ, ಅರ್ಥ ಸರಿಯಿದ್ದರೆ ಸಾಕು" ಎಂದರು. ಅಬ್ಬಾ ಕನ್ನಡದಲ್ಲೇ ಹೇಳಿದರು. ಅಂಗಡಿಯಲ್ಲಿ ಗಿರಾಕಿಗಳೊಂದಿಗೆ ದಿನವಿಡೀ ಆಡಿದ ಭಾಷೆ ಅದು, ಆದರೂ ಮಧ್ಯದಲ್ಲಿ ಅವರ ಗಂಟಲು ಕಟ್ಟಿತು. ನಮ್ಮ ಮನೆತನದಲ್ಲಿ ಮಗಳನ್ನು ತಂದೆ ಹೀಗೆ ಕೈಹಿಡಿದು, ಬಾಯಿಬಿಟ್ಟು ಹೇಳಿ ಒಪ್ಪಿಸಿದ್ದು ಅದೇ ಮೊದಲು. ವಾದಿಸಿದ್ದ ಚಿಕ್ಕಪ್ಪಂದಿರಲ್ಲಿ ಒಬ್ಬರು ತಮ್ಮ ಮಗಳ ನಿಕಾಹಿನಲ್ಲಿ, ಹುಡುಗ ಹನಫಿಯೇ ಆಗಿದ್ದರೂ, ತಾವಾಗಿ ಅಳಿಯನ ಕೈ ಹಿಡಿದರು.

ನಾಲ್ಕು ತಿಂಗಳು ಹತ್ತು ದಿನ

ಮಾವನವರು ತೀರಿಕೊಂಡಾಗ ಅತ್ತೆ ಇದ್ದತ್‌ಗೆ ಕುಳಿತರು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಕಾಯಬೇಕು ಎಂಬುದು ಕುರ್‌ಆನ್‌ನಲ್ಲೇ ಇರುವ ನಿಯಮ. ಅದರಲ್ಲಿ ಹನಫಿ, ಶಾಫಿ ಎಂಬ ಭೇದವಿಲ್ಲ. ಆ ಅವಧಿಯಲ್ಲಿ ಗಂಡನ ಮನೆಯಲ್ಲಿಯೇ ಇರಬೇಕು, ಅಲಂಕಾರ ಸುಗಂಧ ಬಿಡಬೇಕು, ಮರುಮದುವೆಯ ಮಾತು ಕೂಡದು. ಅವಶ್ಯಕತೆ ಬಿದ್ದರೆ ಹಗಲಿನಲ್ಲಿ ಹೊರಗೆ ಹೋಗಬಹುದು. ಆದರೆ ನೋಡಲು ಬಂದ ಹೆಂಗಸರು ಒಬ್ಬೊಬ್ಬರೂ ಒಂದೊಂದು ನಿಯಮವನ್ನು ತಂದರು. ಬಿಳಿಯದನ್ನೇ ಉಡಬೇಕು, ಕನ್ನಡಿ ನೋಡಬಾರದು, ಆಕಾಶ ನೋಡಬಾರದು, ಅಂಗಳಕ್ಕೆ ಇಳಿಯಬಾರದು, ಫೋನಿನಲ್ಲಿ ಗಂಡಸರ ಧ್ವನಿ ಕೇಳಬಾರದು. ಇವುಗಳಲ್ಲಿ ಕೆಲವನ್ನು ನನ್ನ ತವರಿನ ಕಡೆಯವರೇ ತಂದರು ಎಂಬುದನ್ನು ಹೇಳಲೇಬೇಕು. ಅತ್ತೆಗೆ ಸಕ್ಕರೆ ಕಾಯಿಲೆ, ಕಣ್ಣಿನ ತಪಾಸಣೆಗೆ ಹೋಗುವ ದಿನ ಹತ್ತಿರವಾಗಿತ್ತು. ಹೋಗಬಾರದು ಎಂದವರೇ ಹೆಚ್ಚು.

ನನ್ನ ಪತಿ ಮಸೀದಿಯ ಉಸ್ತಾದರನ್ನು ಮನೆಗೇ ಕರೆದುಕೊಂಡು ಬಂದರು. ವಯಸ್ಸಾದ ಅವರು ಜಗಲಿಯಲ್ಲಿ ಕುಳಿತು, ಒಳಗಿನವರಿಗೂ ಕೇಳಿಸುವಂತೆ ಒಂದೊಂದಕ್ಕೂ ಉತ್ತರ ಕೊಟ್ಟರು. ಆಸ್ಪತ್ರೆಗೆ ಧಾರಾಳವಾಗಿ ಹೋಗಲಿ. ಅಂಗಳ ಮನೆಯದೇ, ಅಲ್ಲಿ ನಡೆದಾಡಲಿ. ಬಿಳಿಯದೇ ಆಗಬೇಕೆಂದಿಲ್ಲ, ಆಡಂಬರದ ಬಟ್ಟೆ ಬೇಡ ಅಷ್ಟೇ. ಆಕಾಶ ಅಲ್ಲಾಹನದು, ನೋಡಲಿ. ನೆರೆಮನೆಯ ಬಂಟರ ಅಮ್ಮ, ಅತ್ತೆಯ ಜೀವದ ಗೆಳತಿ, ತಾನು ಬಂದರೆ ಏನಾದರೂ ಮೈಲಿಗೆಯೋ ತಪ್ಪೋ ಆದೀತೆಂದು ಬೇಲಿಯ ಆಚೆಯೇ ನಿಂತು ಹೋಗುತ್ತಿದ್ದರು. ಅವರ ವಿಷಯವನ್ನು ನಾನು ಒಳಗಿನಿಂದಲೇ ಕೇಳಿದೆ. ದುಃಖದಲ್ಲಿರುವವರ ಬಳಿ ಬರುವ ಹೆಣ್ಣಿಗೆ ಯಾರು ಬಾಗಿಲು ಹಾಕಿದರು ಎಂದು ಉಸ್ತಾದರು ಕೇಳಿದರು. ಮರುದಿನದಿಂದ ಆ ಗೆಳತಿ ಸಂಜೆ ಹೊತ್ತು ಬಂದು ಅತ್ತೆಯ ಜೊತೆ ತುಳುವಿನಲ್ಲಿ ಮಾತಾಡುತ್ತಾ ಕುಳಿತಿರುತ್ತಿದ್ದರು. ಆ ತಿಂಗಳುಗಳಲ್ಲಿ ಅತ್ತೆ ನಕ್ಕದ್ದು ಅವರು ಬಂದಾಗ ಮಾತ್ರ. ಬೇರೆ ಧರ್ಮದ ಗೆಳೆಯರು ನಮ್ಮ ಸಾವಿನ ಮನೆಗೆ ಹೇಗೆ ಬರಬೇಕೆಂದು ತಿಳಿಯದೆ ದೂರ ಉಳಿಯುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಬನ್ನಿ, ಬಂದು ಕುಳಿತುಕೊಳ್ಳಿ ಎಂದು ಮೊದಲು ಹೇಳಬೇಕಾದವರು ಮನೆಯವರಾದ ನಾವು.

ಯಾರೂ ಕೇಳದ ಪ್ರಶ್ನೆ

ಇಷ್ಟನ್ನೂ ಬರೆಯಲು ಕಾರಣವಾದ ಸಂಗತಿಗೆ ಈಗ ಬರುತ್ತೇನೆ. ಕೈ ತಾಕಿದ್ದು, ನೆರಳಿನ ಉದ್ದ, ಪಚ್ಚಿಲೆ, ನಿಕಾಹಿನಲ್ಲಿ ಯಾರು ಮಾತಾಡಬೇಕು ಎಂಬುದು, ಇವೆಲ್ಲವುಗಳ ಬಗ್ಗೆ ಶಾಸ್ತ್ರಗ್ರಂಥಗಳು ಒಂದಕ್ಕಿಂತ ಹೆಚ್ಚು ದಾರಿಗಳನ್ನು ಒಪ್ಪಿವೆ, ನಮ್ಮ ನೆಂಟರು ಜಗಳವಾಡಿದ್ದು ಇವುಗಳಿಗಾಗಿಯೇ. ಮದುವೆಯಲ್ಲಿ ಹೆಣ್ಣಿನ ಮನೆಯವರಿಂದ ಹಣ ಪಡೆಯುವುದನ್ನು ಯಾವ ಮದ್ಹಬೂ ಒಪ್ಪಿಲ್ಲ, ಅದರ ಬಗ್ಗೆ ಎರಡೂ ಕಡೆ ಯಾರೂ ಜಗಳವಾಡುವುದಿಲ್ಲ. ಕರಾವಳಿಯಲ್ಲಿ ಅದು ಇಷ್ಟು ಪವನ್ ಚಿನ್ನ ಎಂಬ ಲೆಕ್ಕದಲ್ಲಿ ನಡೆಯುತ್ತದೆ. ದಖನಿ ಮನೆಗಳಲ್ಲಿ ಜೋಡೆ ಕೀ ರಖಮ್ ಎಂಬ ಹೆಸರಿನಲ್ಲಿ, ಬೈಕು, ಮಂಚ, ಅಲ್ಮೇರಾ, ಶಾದಿಮಹಲಿನ ಬಾಡಿಗೆಯ ರೂಪದಲ್ಲಿ ನಡೆಯುತ್ತದೆ. ಕೊಡಬೇಕಾದವನು ಗಂಡು. ಹೆಣ್ಣುಮಕ್ಕಳಿಗೆ ಅವರ ಮಹ್ರನ್ನು ಸಂತೋಷದಿಂದ ಕೊಡಿ ಎಂಬುದು ಕುರ್‌ಆನ್‌ನ ಸ್ಪಷ್ಟ ಆದೇಶ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ಮಹ್ರ್ ವರದಕ್ಷಿಣೆಯ ವ್ಯಾಖ್ಯೆಯಲ್ಲಿ ಸೇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ನೆಲದ ಕಾನೂನಿಗೆ ತಿಳಿದಿರುವ ವ್ಯತ್ಯಾಸ ನಮ್ಮ ಮನೆಗಳ ಹಿರಿಯರಿಗೆ ತಿಳಿಯದ್ದೇನಲ್ಲ.

ಮಹ್ರಿನ ಗತಿಯೇನಾಗಿದೆ ಎಂಬುದಕ್ಕೆ ನನ್ನ ನಾನಿಯನ್ನು, ಅಂದರೆ ಅಮ್ಮಿಯ ತಾಯಿಯನ್ನು ನೆನೆಯುತ್ತೇನೆ. ಅವರ ಮಹ್ರ್ ನಿಕಾಹ್‌ನಾಮೆಯಲ್ಲಿ ಉಧಾರ್, ಅಂದರೆ ಬಾಕಿ ಎಂದು ಬರೆದದ್ದು, ಕೊಟ್ಟಿರಲೇ ಇಲ್ಲ. ಅವರ ಗಂಡ, ನನ್ನ ನಾನಾ ತೀರಿಕೊಂಡ ದಿನ ಜನಾಝಾ ಎತ್ತುವ ಮೊದಲು ಹೆಂಗಸರು ನಾನಿಯನ್ನು ತೋಳು ಹಿಡಿದು ಶವದ ಬಳಿಗೆ ಕರೆತಂದು, ಮಹ್ರ್ ಮಾಫ್ ಮಾಡಿದೆ ಎಂದು ಹೇಳು ಎಂದರು. ನಾನು ಚಿಕ್ಕವಳು, ಅವರ ಸೆರಗು ಹಿಡಿದು ನಿಂತಿದ್ದೆ. ಅವರ ತುಟಿ ಅದುರುತ್ತಿತ್ತು, ಹೇಳಿದರೋ ಇಲ್ಲವೋ ನನಗೆ ಕೇಳಿಸಲಿಲ್ಲ, ಸುತ್ತಲಿದ್ದವರು ಹೇಳಿದಳು ಹೇಳಿದಳು ಎಂದು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಶಾಸ್ತ್ರದ ಪ್ರಕಾರ ಕೊಡದೆ ಉಳಿದ ಮಹ್ರ್ ಗಂಡನ ಮೇಲಿನ ಸಾಲ. ಆಸ್ತಿಯನ್ನು ವಾರಸುದಾರರಿಗೆ ಹಂಚುವ ಮೊದಲು ಅದನ್ನು ತೀರಿಸಬೇಕು. ಒತ್ತಾಯದಿಂದ ಪಡೆದ ಮಾಫಿ ಮಾಫಿಯೇ ಅಲ್ಲ. ಇದನ್ನು ಅಂದು ಹೇಳಬಲ್ಲವರು ಆ ಮನೆಯಲ್ಲಿ ಇದ್ದರು, ಅವರು ಹೇಳಲಿಲ್ಲ. ಕರಾವಳಿಯಲ್ಲಿ ಮಹ್ರನ್ನು ಚಿನ್ನದ ರೂಪದಲ್ಲಿ ನಿಕಾಹಿನ ದಿನವೇ ಕೊಡುವ ರೂಢಿ ಹೆಚ್ಚಾಗಿದೆ. ನನಗೂ ಹಾಗೆಯೇ ಸಿಕ್ಕಿತು. ನಮ್ಮ ಕಡೆಯವರು ಅವರಿಂದ ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಇದೇ ಎಂದು ಹೋದಲ್ಲೆಲ್ಲ ಹೇಳುತ್ತೇನೆ. ಆದರೆ ಒಂದು ಕೈಯಿಂದ ಐದು ಪವನ್ ಮಹ್ರ್ ಕೊಟ್ಟು ಇನ್ನೊಂದು ಕೈಯಿಂದ ಐವತ್ತು ಪವನ್ ಎದುರು ನೋಡುವ ಮನೆಗಳನ್ನೂ ಅಲ್ಲಿ ಕಂಡಿದ್ದೇನೆ.

ನಮ್ಮ ಮದುವೆಯಲ್ಲಿ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ನನ್ನ ಪತಿ ಮೊದಲ ಮಾತುಕತೆಯಲ್ಲೇ ಹೇಳಿದ್ದರು. ಹುಡುಗನಲ್ಲಿ ಏನೋ ಐಬು ಇರಬೇಕು, ಇಲ್ಲದಿದ್ದರೆ ಯಾಕೆ ಬೇಡವೆನ್ನುತ್ತಾನೆ ಎಂದು ನಮ್ಮ ಕಡೆಯವರೇ ವಿಚಾರಿಸಲು ಬಂಟ್ವಾಳದವರೆಗೆ ಜನ ಕಳಿಸಿದ್ದರು. ಎಲ್ಲರಿಗೂ ರೂಢಿಯಾದ ತಪ್ಪನ್ನು ಒಬ್ಬ ಮಾಡದಿದ್ದರೆ ಅನುಮಾನ ಅವನ ಮೇಲೆಯೇ ಬೀಳುತ್ತದೆ. ಹಾಗಾಗಿ ಇದನ್ನು ಒಬ್ಬೊಬ್ಬ ಹುಡುಗನ ಒಳ್ಳೆಯತನಕ್ಕೆ ಬಿಟ್ಟರೆ ನಡೆಯುವ ಮಾತಲ್ಲ. ಮಸೀದಿಯಲ್ಲಿ ನಿಕಾಹ್ ಓದಿಸುವವರು ಮಹ್ರ್ ಎಷ್ಟು ಎಂದು ಕೇಳುವ ಹಾಗೆಯೇ, ಹೆಣ್ಣಿನ ಕಡೆಯಿಂದ ಏನು ಪಡೆದಿದ್ದೀರಿ ಎಂದೂ ಸಭೆಯ ಎದುರಿಗೆ ಕೇಳಬೇಕು.

ಈಗ ನನ್ನ ಅಣ್ಣನ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಹುಡುಗಿ ಉಡುಪಿ ಕಡೆಯ ಶಾಫಿ ಮನೆತನದವಳು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಎರಡು ಪದ್ಧತಿಗಳನ್ನು ಹೇಗೆ ಸಂಭಾಳಿಸುವುದು ಎಂಬ ಬಗ್ಗೆ ಸಲಹೆ ಕೇಳಲು ಅಣ್ಣ ನನಗೆ ಫೋನ್ ಮಾಡಿದ್ದರು. ಅದು ಕಷ್ಟವಲ್ಲ, ಮಕ್ಕಳು ಕಲಿಯುತ್ತಾರೆ ಎಂದೆ. ಆಮೇಲೆ ಹುಡುಗಿಯ ಕಡೆಯಿಂದ ಏನು ಮಾತಾಗಿದೆ ಎಂದು ಕೇಳಿದೆ. ಅವರಾಗಿಯೇ ಏನು ಕೊಡುತ್ತಾರೋ ಅದು, ನಾವು ಬಾಯಿಬಿಟ್ಟು ಕೇಳುವುದಿಲ್ಲ ಎಂದರು ಅಣ್ಣ. ಕೇಳದೆ ತೆಗೆದುಕೊಂಡರೂ ಅದು ತೆಗೆದುಕೊಂಡದ್ದೇ, ಏನೂ ಬೇಡವೆಂದು ನೀವೇ ಮೊದಲು ಹೇಳಿ, ಮಹ್ರನ್ನು ನಿಕಾಹಿನ ದಿನವೇ ಕೈಗೆ ಕೊಡಿ ಎಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಅತ್ತಿಗೆಯೊಂದಿಗೆ ಮಾತಾಡಿ ಹೇಳುತ್ತೇನೆ ಎಂದರು. ಬಕ್ರೀದ್ ಕಳೆದ ಮೇಲೆ ಹಿರಿಯರು ಕೂಡುವುದಿದೆ. ನಾನೂ ನನ್ನ ಪತಿಯೂ ಮೈಸೂರಿಗೆ ಹೋಗುತ್ತೇವೆ, ಅಣ್ಣ ಹೇಳದಿದ್ದರೆ ಆ ಮಾತನ್ನು ಅಲ್ಲಿ ನಾನೇ ಎತ್ತುತ್ತೇನೆ.